ಜನಮೇಜಯನ ಹೆಸರಿನ ತಾಮ್ರಶಾಸನಗಳು: ಪ್ರಾಚ್ಯ–ಪಾಶ್ಚಾತ್ಯ ದೃಷ್ಟಿಗಳ ಒಂದು ವಿಚಾರ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಜನಮೇಜಯ ಚಕ್ರವರ್ತಿಯ ಹೆಸರನ್ನು ಹೊತ್ತ ಕೆಲವು ತಾಮ್ರಶಾಸನಗಳು ದೊರೆತಿರುವ ಸಂಗತಿಯು ಶಾಸನಾಭ್ಯಾಸಿಗಳಿಗೆ ವಿದಿತವಾದುದೇ ಆಗಿದೆ. ಇವು ಕೂಟಶಾಸನಗಳು, ಎಂದರೆ ಕೃತ್ರಿಮವಾದುವು, ಎಂಬ ನಿರ್ಣಯವೂ ಹೊಸತಲ್ಲ. ಆ ನಿರ್ಣಯವನ್ನು ಅಲ್ಲಗಳೆಯುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಅದು ಯಾರ ಪ್ರಮಾಣದಿಂದ ಬಂದ ನಿರ್ಣಯವು, ಅದು ಬಂದ ಮೇಲೆ ಕೇಳಬೇಕಾಗಿದ್ದ ಯಾವ ಪ್ರಶ್ನೆಯು ಕೇಳದೆಯೇ ಉಳಿಯಿತು, ಎಂಬೆರಡು ಅಂಶಗಳನ್ನು ಮಾತ್ರ ಇಲ್ಲಿ ಪರಿಶೀಲಿಸಲಾಗುವುದು.

ಎಡ್ವರ್ಡ್ ಸಯೀದರ ‘ಓರಿಯಂಟಲಿಸಂ’ ಎಂಬ ಗ್ರಂಥವು ೧೯೭೮ರಲ್ಲಿ ಪ್ರಕಟವಾದಂದಿನಿಂದ, ಪಾಶ್ಚಾತ್ಯರು ಪ್ರಾಚ್ಯದೇಶಗಳನ್ನು ಕುರಿತು ಬರೆದುದೆಲ್ಲವೂ ಕೇವಲ ಜಿಜ್ಞಾಸೆಯ ಫಲವಲ್ಲವೆಂದೂ, ಪೂರ್ವದವನನ್ನು ‘ಅನ್ಯ’ನನ್ನಾಗಿ ಕಲ್ಪಿಸಿ ಆಳುವ ಅಧಿಕಾರವು ಅದರೊಡನೆ ಬೆರೆತಿದೆಯೆಂದೂ ಸಾಹಿತ್ಯಾಧ್ಯಾಪಕರು ವಿಶೇಷವಾಗಿ ಚರ್ಚಿಸುತ್ತ ಬಂದಿರುವರು. ಸಯೀದರು ಮುಖ್ಯವಾಗಿ ಪರಿಶೀಲಿಸಿದುದು ಅರಬ್ಬೀ ದೇಶಗಳನ್ನೂ ಇಸ್ಲಾಮನ್ನೂ ಕುರಿತ ಬರಹಗಳನ್ನು. ಭಾರತದ ವಿಚಾರ ಅಲ್ಲಿ ಅಲ್ಪ. ಅವರ ಸೂತ್ರವನ್ನು ನಮ್ಮ ನೆಲಕ್ಕೆ ಅನ್ವಯಿಸುವಾಗ ನಮ್ಮ ನೆಲದ ಉದಾಹರಣೆಯೊಂದನ್ನು ಎದುರಿಗಿಟ್ಟುಕೊಳ್ಳುವುದು ಯುಕ್ತ. ಮೇಲ್ಕಂಡ ತಾಮ್ರಶಾಸನಗಳು ಅದಕ್ಕೆ ಬಹಳ ತಕ್ಕುವು. ಮೀಮಾಂಸಕರು ಅಧಿಕರಣವೊಂದನ್ನು ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯಗಳೆಂದು ವಿಭಾಗಿಸಿಕೊಳ್ಳುವ ಕ್ರಮವನ್ನೇ ಇಲ್ಲಿಯೂ ಅನುಸರಿಸಿದೆ.

೧. ವಿಷಯ

ಈ ವರ್ಗದ ಶಾಸನಗಳಲ್ಲಿ ಗೌಜ ಅಗ್ರಹಾರದ್ದೂ ಬೇಗೂರಿನದ್ದೂ ಶಿಕಾರಿಪುರ ತಾಲ್ಲೂಕಿಗೂ, ಕುಪ್ಪಗದ್ದೆಯದು ಸೊರಬ ತಾಲ್ಲೂಕಿಗೂ ಸೇರಿದುವು. ತೀರ್ಥಹಳ್ಳಿಯ ಕಡೆಯ ಭೀಮನಕಟ್ಟೆಯಲ್ಲಿಯೂ ಜನಮೇಜಯನ ಹೆಸರಿನ ಶಾಸನವೊಂದಿದೆ. ಈ ಸೀಮೆಯು ಪ್ರಾಚೀನ ಬನವಾಸಿ ನಾಡಿನ ಹೃದಯಭಾಗ. ಕದಂಬರ ಕೀರ್ತಿಸ್ತಂಭವಿರುವ ತಾಳಗುಂದವೂ, ಚಾಲುಕ್ಯ ಕಾಲದ ವಿದ್ಯಾಸ್ಥಾನವಾದ ಬಳ್ಳಿಗಾವೆಯೂ ಈ ಸೀಮೆಯಲ್ಲಿಯೇ ಇವೆ.

ಶಾಸನಗಳ ತಾತ್ಪರ್ಯವಿಷ್ಟು: ಪಾಂಡವಕುಲದವನೂ ಹಸ್ತಿನಾಪುರದ ಅಧೀಶ್ವರನೂ ಆದ ಜನಮೇಜಯನು ದಿಗ್ವಿಜಯಾರ್ಥವಾಗಿ ದಕ್ಷಿಣಕ್ಕೆ ಬಂದು, ತುಂಗಭದ್ರಾ–ಹರಿದ್ರಾ ಸಂಗಮದಲ್ಲಿ ಹರಿಹರದೇವರ ಸನ್ನಿಧಿಯಲ್ಲಿ, ಸರ್ಪಯಾಗದ ಸಂಬಂಧವಾಗಿ ಬ್ರಾಹ್ಮಣರಿಗೆ ಗ್ರಾಮಗಳನ್ನು ದಾನಮಾಡಿದನೆಂಬುದು. ಲಿಪಿ ನಾಗರ, ಭಾಷೆ ಸಂಸ್ಕೃತವಾದರೂ ನಡುನಡುವೆ ಕನ್ನಡವು ಬೆರೆತಿದೆ. ಮಹಾಭಾರತದ ಆದಿಪರ್ವದಲ್ಲಿ ತಕ್ಷಕನನ್ನು ದಹಿಸಲು ಸತ್ರವನ್ನು ಹೂಡಿದ ಪರೀಕ್ಷಿತನ ಮಗನೇ ತಮ್ಮ ಊರಿನ ಗದ್ದೆಯ ಎಲ್ಲೆಕಟ್ಟನ್ನು ಗೊತ್ತುಪಡಿಸಿದನೆಂದು ಈ ಅಗ್ರಹಾರಗಳು ಹೇಳಿಕೊಂಡುವೆಂದಾಯಿತು.

೨. ಸಂಶಯ

ಶ್ರೀರಂಗಪಟ್ಟಣವು ೧೭೯೯ರಲ್ಲಿ ಬಿದ್ದ ತರುವಾಯ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಭೂಮಾಪನವನ್ನು ಕೈಗೊಂಡನು. ಭೂಮಿಯನ್ನು ಅಳೆಯುವುದರೊಡನೆ ಆತನು ಶಾಸನ, ಕೈಫಿಯತ್ತು, ಓಲೆಪುಸ್ತಕಗಳನ್ನೂ ಕೂಡಿಹಾಕಿಸಿದನು. ಗೌಜದ ಶಾಸನವು ಆತನ ಮೂಲಕ ಕಲ್ಕತ್ತೆಗೆ ಹೋಗಿ, ಎಚ್. ಟಿ. ಕೋಲ್‌ಬ್ರೂಕ್ ಎಂಬ ಸಂಸ್ಕೃತಜ್ಞನ ಕೈಸೇರಿತು. ‘ಏಷಿಯಾಟಿಕ್ ರಿಸರ್ಚಸ್’ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ, ೧೮೦೭ರಲ್ಲಿ, ಕೋಲ್‌ಬ್ರೂಕ್ ಪ್ರಾಚೀನ ಶಾಸನಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಇದರ ವಿಚಾರವಿದೆ. ಶಾಸನವು ನಿಜವಾದ ಪಕ್ಷದಲ್ಲಿ ಭಾರತೀಯ ಇತಿಹಾಸದ ಒಂದು ಮುಖ್ಯಾಂಶವೇ ಸ್ಥಿರಪಡುತ್ತಿತ್ತೆಂಬುದನ್ನು ಆತನು ಮರೆಮಾಚಲಿಲ್ಲ. ಆದರೂ ಮೆಕೆಂಜಿಯಂತೆ ಆತನೂ ಅದನ್ನು ನಂಬಲಿಲ್ಲ. ಇನ್ನೊಂದು ಅಂಶ ಗಮನಾರ್ಹವಾದುದು: ಅದನ್ನು ಇಟ್ಟುಕೊಂಡ ಜನರಿಗೇ ಅದನ್ನು ಓದಲು ಬಾರದುದರಿಂದ ಅದು ಇತ್ತೀಚಿನ ಕೃತಕವಲ್ಲವೆಂದು ಮೆಕೆಂಜಿಯು ಊಹಿಸಿದನು, ಅದು ಹೊಸ ಸೃಷ್ಟಿಯಲ್ಲವೆಂಬುದನ್ನು ಕೋಲ್‌ಬ್ರೂಕನೂ ಒಪ್ಪಿದನು.

ಮುಂದೆ ಶಾಸನೋಕ್ತವಾದ ಸೂರ್ಯಗ್ರಹಣವನ್ನು ಗ್ರೀನಿಚ್ ವೇಧಶಾಲೆಯ ಸರ್ ಜಾರ್ಜ್ ಏರಿಯು ಗಣಿತಮಾಡಿ, ೧೫೨೧ನೆಯ ಏಪ್ರಿಲ್ ೭ಕ್ಕೆ ತಂದನು. ಅದು ವಿಜಯನಗರದಲ್ಲಿ ಕೃಷ್ಣದೇವರಾಯನು ಆಳುತ್ತಿದ್ದ ಕಾಲ. ಗ್ರಹಣಗಳು ಮತ್ತೆ ಮತ್ತೆ ಬರತಕ್ಕುವಾದುದರಿಂದ ಇದೊಂದರಿಂದಲೇ ಕಾಲವು ಸಿದ್ಧವಾಗುವುದಿಲ್ಲ. ಈ ವಿಷಯದಲ್ಲಿ ಅಭಿಪ್ರಾಯಭೇದಗಳೂ ಆದುವು. ಬಿ. ಎಲ್. ರೈಸರು ೧೯೦೨ರಲ್ಲಿ ಶಿಕಾರಿಪುರ ಮೊದಲಾದ ತಾಲ್ಲೂಕುಗಳ, ೧೯೦೪ರಲ್ಲಿ ಸೊರಬ ಮೊದಲಾದ ತಾಲ್ಲೂಕುಗಳ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳು ಮತ್ತು ಎಂಟನೆಯ ಸಂಪುಟಗಳಾಗಿ ಪ್ರಕಟಿಸಿದರು. ಕಾಲದ ವಿಷಯದಲ್ಲಿ ಏನೇ ಭೇದವಿದ್ದರೂ ಇವು ಕಲಿಯುಗಾದಿಯ ಜನಮೇಜಯನುವೆಂಬ ಮಾತನ್ನು ವಿದ್ವತ್ತು ಕೈಬಿಟ್ಟಿತು.

ಇಲ್ಲಿ ಸಂಶಯವೇನೆಂದರೆ: ಈ ಅವಿಶ್ವಾಸವು ಶಾಸನವನ್ನು ಪರೀಕ್ಷಿಸಿ ಹುಟ್ಟಿದುದೋ? ಅಥವಾ ಪೂರ್ವದವರು ಸಹಜವಾಗಿಯೇ ಸುಳ್ಳುಗಾರರೆಂಬ ಮುನ್ಭಾವನೆಯಿಂದ ಹುಟ್ಟಿದುದೋ?

೩. ಪೂರ್ವಪಕ್ಷ

ಎರಡನೆಯದೇ ಸರಿಯೆಂಬುದು ಪೂರ್ವಪಕ್ಷ. ಇದು ನಿರಾಧಾರವಲ್ಲ. ಆ ಕಾಲದ ಪಾಶ್ಚಾತ್ಯ ಬರಹಗಳಲ್ಲಿ ವಂಚಕನಾದ ಪಂಡಿತನ ಚಿತ್ರವು ಪದೇ ಪದೇ ಬರುವುದು. ಫ್ರಾನ್ಸಿಸ್ ವಿಲ್‌ಫರ್ಡನು ಪುರಾಣಗಳಲ್ಲಿ ಈಜಿಪ್ಟಿನ ವೃತ್ತಾಂತವು ಸಿಕ್ಕಿತೆಂದು ೧೭೯೨ರ ಹೊತ್ತಿಗೆ ಪ್ರಕಟಿಸಿ, ೧೮೦೫ರಲ್ಲಿ ತನ್ನ ಪಂಡಿತನು ತನ್ನನ್ನು ವಂಚಿಸಿದನೆಂದು ಒಪ್ಪಿಕೊಂಡನು. ಕೋಲ್‌ಬ್ರೂಕನು ಗೌಜದ ಶಾಸನವನ್ನು ಕುರಿತು ಬರೆದುದು ಇದಾದ ಎರಡೇ ವರ್ಷಗಳಲ್ಲಿ. ಜೇಮ್ಸ್ ಮಿಲ್ಲನು ಭಾರತಕ್ಕೆ ಬಾರದೆಯೂ ಇಲ್ಲಿಯ ಭಾಷೆಗಳನ್ನು ಕಲಿಯದೆಯೂ ಬರೆದ ಇತಿಹಾಸದಲ್ಲಿ ಹಿಂದೂಗಳಿಗೆ ಸತ್ಯನಿಷ್ಠೆಯಿಲ್ಲವೆಂದು ಸಾರಿದನು. ಇಂಥ ವಾತಾವರಣದಲ್ಲಿ ಅಗ್ರಹಾರದ ತಾಮ್ರಪಟವೊಂದು ಕೂಟವೆಂದು ಎನಿಸಿಕೊಂಡರೆ ಅದರಲ್ಲಿ ಅಧಿಕಾರದ ಧ್ವನಿಯನ್ನು ಕೇಳುವವರನ್ನು ತಪ್ಪುಗಾರರೆನ್ನಲಾಗದು.

ಆದುದರಿಂದ ಪೂರ್ವಪಕ್ಷಿಯು ಹೇಳುವುದು: ಶಂಕೆಯು ಪಾಶ್ಚಾತ್ಯರದು, ಶ್ರದ್ಧೆಯು ನಮ್ಮದು, ‘ನಿಜವೋ ಕೂಟವೋ’ ಎಂಬ ಪ್ರಶ್ನೆಯೇ ಹೊರಗಿನಿಂದ ಹೇರಲ್ಪಟ್ಟುದು, ನಮ್ಮ ಪರಂಪರೆಗೆ ಆ ಪ್ರಶ್ನೆ ಅನ್ಯವಾದುದು ಎಂದು.

ಇದರ ಮೇಲೆ ಸ್ವಲ್ಪ ನಿಂತು ನೋಡಬೇಕು. ಪಾಶ್ಚಾತ್ಯರನ್ನು ಖಂಡಿಸಲು ಹೊರಟ ಈ ಮಾತು ಪಾಶ್ಚಾತ್ಯರ ಮಾತನ್ನೇ ಒಪ್ಪಿಕೊಂಡುಬಿಡುತ್ತದೆ. ಪೂರ್ವವು ಶ್ರದ್ಧಾಪ್ರಧಾನ, ಪಶ್ಚಿಮವು ಪರೀಕ್ಷಾಪ್ರಧಾನ ಎಂಬ ವಿಭಾಗವನ್ನು ಮಾಡಿದವರೇ ಅವರು. ಅದನ್ನು ನಾವು ಹೊಗಳಿಕೆಯೆಂದು ಸ್ವೀಕರಿಸಿದರೆ ಅನ್ಯತ್ವದ ಪಟ್ಟವನ್ನು ನಾವೇ ನಮ್ಮ ತಲೆಗೆ ಕಟ್ಟಿಕೊಂಡಂತಾಗುವುದು.

೪. ಉತ್ತರಪಕ್ಷ

ಕೂಟಶಾಸನವೆಂಬ ಮಾತು ಇಂಗ್ಲೀಷಿನಿಂದ ಬಂದುದಲ್ಲ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಕೂಟಶಾಸನವನ್ನು ಮಾಡುವವನಿಗೆ ವಧದಂಡವು ವಿಹಿತವಾಗಿದೆ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ತಕ್ಕಡಿ, ಶಾಸನ, ಅಳತೆ, ನಾಣ್ಯ ಇವುಗಳಲ್ಲಿ ಕೂಟವನ್ನು ಮಾಡಿದವನಿಗೂ, ಅಂಥವುಗಳಿಂದ ವ್ಯವಹರಿಸಿದವನಿಗೂ ಉತ್ತಮಸಾಹಸದಂಡವನ್ನು ಹೇಳಿದೆ. ಸಂತೆಯಲ್ಲಿ ಸುಳ್ಳು ಸೇರನ್ನು ಹಿಡಿದವನೂ ಸುಳ್ಳು ತಾಮ್ರಪಟವನ್ನು ಕೆತ್ತಿಸಿದವನೂ ಒಂದೇ ಶ್ಲೋಕದಲ್ಲಿ ನಿಂತಿರುವರು. ಇದಕ್ಕಿಂತ ನೇರವಾದ ಸಂದೇಹಬುದ್ಧಿಯನ್ನು ಬೇರೆಲ್ಲಿ ಹುಡುಕಬೇಕು?

ಇದು ಗ್ರಂಥಸ್ಥವಾದ ವಿಧಿ ಮಾತ್ರವಾಗಿರಲಿಲ್ಲ. ಏಳನೆಯ ಶತಮಾನದ ಹರ್ಷವರ್ಧನನ ಮಧುಬನ ತಾಮ್ರಶಾಸನದಲ್ಲಿ, ಬ್ರಾಹ್ಮಣನೊಬ್ಬನು ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದ ಗ್ರಾಮವನ್ನು ಆ ಪಟವನ್ನು ಮುರಿಸಿ ಹಿಂದಕ್ಕೆ ತೆಗೆದುಕೊಂಡು ಬೇರೆಯವರಿಗೆ ಕೊಟ್ಟುದು ಸ್ಪಷ್ಟವಾಗಿ ಹೇಳಲ್ಪಟ್ಟಿದೆ. ಎಂದರೆ ಕೋಲ್‌ಬ್ರೂಕನಿಗಿಂತ ಸಾವಿರ ವರ್ಷಗಳಿಗೂ ಹಿಂದೆ, ಈ ದೇಶದ ಅರಸನ ಅಧಿಕರಣದಲ್ಲಿ, ಶಾಸನಪರೀಕ್ಷೆಯು ನಡೆದಿತ್ತು.

ನಿಜಶಾಸನದ ಲಕ್ಷಣವನ್ನೂ ನಮ್ಮವರು ಹೇಳಿರುವರು. ಯಾಜ್ಞವಲ್ಕ್ಯನ ಆಚಾರಾಧ್ಯಾಯದ ಪ್ರಕಾರ, ಭೂಮಿಯನ್ನು ಕೊಟ್ಟ ಅರಸನು ಬಟ್ಟೆಯ ಮೇಲಾಗಲಿ ತಾಮ್ರಪಟದ ಮೇಲಾಗಲಿ ಲೇಖ್ಯವನ್ನು ಮಾಡಿಸಿ, ತನ್ನ ವಂಶವನ್ನೂ ತನ್ನನ್ನೂ ಹೆಸರಿಸಿ, ದಾನದ ಪರಿಮಾಣವನ್ನೂ ಎಲ್ಲೆಯನ್ನೂ ವರ್ಣಿಸಿ, ಮುದ್ರೆಯನ್ನೊತ್ತಿ, ಸ್ವಹಸ್ತವನ್ನೂ ಕಾಲವನ್ನೂ ಹಾಕಬೇಕು. ಇದಕ್ಕೆ ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದುದು ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ; ಬಳ್ಳಿಗಾವೆಯೂ ತಾಳಗುಂದವೂ ಆಗ ಅದೇ ಅರಸನ ನಾಡಿಗೆ ಸೇರಿದ್ದುವು. ಗೌಜದ ಅಗ್ರಹಾರಿಕರಿಗೂ ಈ ಲಕ್ಷಣಗಳು ದೂರದ ಶಾಸ್ತ್ರವಾಗಿರಲಿಲ್ಲವೆಂಬುದು ಇದರಿಂದ ಹೊಳೆಯುತ್ತದೆ.

ಈ ನಮ್ಮ ಒರೆಗಲ್ಲಿಗೇ ಜನಮೇಜಯನ ಶಾಸನಗಳನ್ನು ಉಜ್ಜಿ ನೋಡಿದರೆ ಫಲವೇನು? ಕಲಿಯುಗಾರಂಭದ ಶಾಸನದಲ್ಲಿ ಬೆಳೆದು ನಿಂತ ಕನ್ನಡ ಭಾಷೆಯು ಬರಲಾರದು. ಕನ್ನಡ ದೇಶದ ಅತಿಪ್ರಾಚೀನ ಶಾಸನಗಳು ಬ್ರಾಹ್ಮೀಲಿಪಿಯಲ್ಲಿರುವಾಗ ಅವಕ್ಕಿಂತ ಪೂರ್ವದ್ದೆನ್ನುವ ಪಟವು ನಾಗರಲಿಪಿಯಲ್ಲಿರಲಾರದು. ದಾನಸ್ಥಲವೆಂದು ಹೇಳಿರುವ ಹರಿಹರದಲ್ಲಿ ಈಗಿರುವ ದೇವಾಲಯವನ್ನು ಕಟ್ಟಿಸಿದವನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಥ ಪೋಲಾಳ್ವನು. ಕಾಲ ೧೨೨೪ರ ಸುಮಾರು. ಇದಕ್ಕೆ ಸರಿಹೋಲುವ ನೆರೆಯ ಸಾಕ್ಷಿಯೂ ಇದೆ. ತಾಳಗುಂದದ ಕಂಬವು ಐದನೆಯ ಶತಮಾನದ್ದು. ಅದರ ಶಾಸನವು ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿಯಿಂದ ರಚಿತವಾದುದು. ಅಲ್ಲಿಯ ನಿರ್ದುಷ್ಟವಾದ ಕಾವ್ಯಸಂಸ್ಕೃತಕ್ಕೂ ಗೌಜದ ಅಶುದ್ಧ ಸಂಸ್ಕೃತಕ್ಕೂ ಇರುವ ಅಂತರವನ್ನು ಕಾಣಲು ವಿಲಾಯತಿಗೆ ಹೋಗಬೇಕಾದುದಿಲ್ಲ; ಲಘುಕೌಮುದಿಯನ್ನು ಓದಿದ ವಿದ್ಯಾರ್ಥಿಗೂ ಅದು ಕಾಣುವುದು.

ಆದುದರಿಂದ ಕೋಲ್‌ಬ್ರೂಕನ ಶಂಕೆಯೂ ಧರ್ಮಶಾಸ್ತ್ರದ ಶಂಕೆಯೂ ಒಂದೇ ಕಡೆಗೆ ಬಂದು ನಿಲ್ಲುವುವು. ಇದು ಕಾಕತಾಳೀಯವೂ ಅಲ್ಲ. ಕೋಲ್‌ಬ್ರೂಕನು ಜಗನ್ನಾಥ ತರ್ಕಪಂಚಾನನರ ಧರ್ಮನಿಬಂಧವನ್ನು ೧೭೯೮ರಲ್ಲಿಯೂ, ಮಿತಾಕ್ಷರೆಯ ದಾಯಭಾಗಪ್ರಕರಣವನ್ನು ೧೮೧೦ರಲ್ಲಿಯೂ ಇಂಗ್ಲೀಷಿಗೆ ತಂದವನು. ಪಂಡಿತರ ಬಳಿ ಕುಳಿತು ಓದಿದವನು. ಆತನ ಒರೆಗಲ್ಲಿನ ಒಂದು ಪಾಲು ಇಲ್ಲಿಯದೇ. ‘ಪಾಶ್ಚಾತ್ಯ ವಿಮರ್ಶೆ’ಯೆಂದು ನಾವು ಕೈಮುಗಿಯುವುದರಲ್ಲಿಯೂ, ಅದೇ ಹೆಸರಿನಿಂದ ನಾವು ತಳ್ಳಿಹಾಕುವುದರಲ್ಲಿಯೂ, ನಮ್ಮವರ ದುಡಿಮೆಯು ಹೆಸರಿಲ್ಲದೆ ಅಡಗಿದೆ.

೫. ಅನ್ಯತ್ವವು ಎಲ್ಲಿ?

ಹಾಗಾದರೆ ಪಾಶ್ಚಾತ್ಯರ ವ್ಯವಹಾರದಲ್ಲಿ ಅನ್ಯತ್ವದ ದೋಷವೇ ಇಲ್ಲವೆ? ಇದೆ, ಆದರೆ ಅದು ಶಂಕೆಯಲ್ಲಿಲ್ಲ. ಎರಡು ಬೇರೆ ಸ್ಥಳಗಳಲ್ಲಿದೆ.

ಒಂದನೆಯದು, ಯಾರು ಶಂಕಿಸಬಹುದು ಎಂಬ ಅಧಿಕಾರದ ವಿಷಯ. ಮೆಕೆಂಜಿಗೆ ಕನ್ನಡ ಶಾಸನಗಳ ಹಳೆಯ ಅಕ್ಷರವನ್ನು ಓದಿಕೊಟ್ಟವನು ಏಲೂರಿನ ಕಾವಲಿ ವೆಂಕಟ ಬೋರಯ್ಯನು. ೧೮೦೩ರಲ್ಲಿ ಆತನು ಅಲ್ಪವಯಸ್ಸಿನಲ್ಲಿಯೇ ತೀರಿಕೊಂಡನು. ಆತನ ಉಪಕಾರವನ್ನು ಮೆಕೆಂಜಿಯು ಕೃತಜ್ಞತೆಯಿಂದ ಸ್ಮರಿಸಿರುವುದು ನಿಜ. ಆದರೆ ಮೆಕೆಂಜಿಯು ೧೮೨೧ರಲ್ಲಿ ಗತಿಸಿದ ಬಹುಕಾಲದ ಮೇಲೆ ಬೋರಯ್ಯನ ತಮ್ಮ ಲಕ್ಷ್ಮಯ್ಯನು ಆ ಸಂಶೋಧನೆಯನ್ನು ತಾನು ಮುಂದುವರಿಸುವೆನೆಂದು ಕೇಳಿಕೊಂಡಾಗ, ೧೮೩೬ರಲ್ಲಿ ಜೇಮ್ಸ್ ಪ್ರಿನ್ಸೆಪ್ ಕಾರ್ಯದರ್ಶಿಯಾಗಿದ್ದ ಬಂಗಾಳದ ಏಷಿಯಾಟಿಕ್ ಸೊಸೈಟಿಯು, ಅಷ್ಟು ವಿಸ್ತಾರವಾದ ಕಾರ್ಯವನ್ನು ದೇಶೀಯನೊಬ್ಬನಿಗೆ ಒಪ್ಪಿಸಲು ಸಮ್ಮತಿಸಲಿಲ್ಲ. ದೇಶೀಯನು ಸಾಮಗ್ರಿಯನ್ನು ಕೂಡಿಸಬಲ್ಲನು, ಸಾಮಾನ್ಯಸಿದ್ಧಾಂತವನ್ನು ಕಟ್ಟಲಾರನು ಎಂಬುದು ಅದರ ಭಾವ. ಅನ್ಯತ್ವವೆಂಬುದು ಇಲ್ಲಿದೆ. ಓದಿದವನು ಪರಿಚಾರಕ, ಓದಿಸಿಕೊಂಡವನು ವಿದ್ವಾಂಸ. ವಿಲ್‌ಫರ್ಡನ ಪ್ರಸಂಗದಲ್ಲಿಯೂ ಇದೇ ನ್ಯಾಯ: ತಾನು ಕೇಳಬಯಸಿದ ಕಥೆಗಳನ್ನು ಮೊದಲು ತಾನೇ ಹೇಳಿಕೊಟ್ಟು, ಅವನ್ನೇ ಪುರಾಣದಲ್ಲಿ ಹುಡುಕಿಸಿದವನ ತಪ್ಪು ಮರೆತುಹೋಗಿ, ಪಂಡಿತನ ವಂಚನೆ ಮಾತ್ರ ಚರಿತ್ರೆಯಾಯಿತು.

ಎರಡನೆಯದು, ಕೂಟವೆಂದು ತಿಳಿದೊಡನೆ ವಿಚಾರವೇ ನಿಂತುಹೋದುದು. ಕಲ್ಕತ್ತೆಗೂ ಗ್ರೀನಿಚ್ಚಿಗೂ ಬೇಕಾಗಿದ್ದುದು ಕಾಲಗಣನೆ. ಕಾಲಕ್ಕೆ ಸಾಕ್ಷಿಯಾಗದ ಪಟವು ಅವರಿಗೆ ನಿಷ್ಪ್ರಯೋಜಕ. ಆದರೆ ಅದನ್ನು ಮಾಡಿಸಿದವರು ಕಾಲಗಣನೆಗಾಗಿ ಮಾಡಿಸಲಿಲ್ಲ. ಯಾಜ್ಞವಲ್ಕ್ಯನು ಶಾಸನದ ಪ್ರಯೋಜನವನ್ನು ಹೇಳುವಾಗ, ಮುಂದೆ ಬರತಕ್ಕ ಸಾಧುರಾಜರ ತಿಳಿವಿಗಾಗಿ ಅದನ್ನು ಮಾಡಿಸಬೇಕೆನ್ನುವನು. ತಾಮ್ರಪಟವು ಮುಂದಿನ ಅರಸನಿಗೆ ಬರೆದ ಓಲೆ. ಟಿಪ್ಪುವಿನ ಪತನಾನಂತರ ಹೊಸ ಅಧಿಕಾರದ ಭೂಮಾಪಕನಾಗಿ ಬಂದ ಮೆಕೆಂಜಿಯು, ಈ ದೃಷ್ಟಿಯಿಂದ, ಆ ‘ಮುಂದಿನ ಅರಸ’ನ ಕಡೆಯವನೇ. ಓಲೆಯು ತಲುಪಬೇಕಾದಲ್ಲಿಗೇ ತಲುಪಿತು. ಆದರೆ ಅದು ‘ಈ ಭೂಮಿ ನಮ್ಮದು’ ಎಂದು ಹೇಳಿದುದನ್ನು ಪುರಾತತ್ತ್ವವು ‘ಮಹಾಭಾರತದ ಕಾಲ ಇದು’ ಎಂದು ಕೇಳಿಸಿಕೊಂಡು, ಆ ಎರಡನೆಯ ಮಾತನ್ನು ಅಲ್ಲಗಳೆದು ಸುಮ್ಮನಾಯಿತು.

ಅಗ್ರಹಾರಕ್ಕೆ ಜನಮೇಜಯನೇ ಏಕೆ ಬೇಕಾದನು? ಪ್ರಮಾಣಗಳು ಲಿಖಿತ, ಭುಕ್ತಿ, ಸಾಕ್ಷಿ ಎಂದು ಮೂರು. ಬಹುಕಾಲದ ಭುಕ್ತಿಯಿದ್ದು ಲಿಖಿತವು ನಷ್ಟವಾಗಿದ್ದಲ್ಲಿ, ಅಥವಾ ಮೊದಲಿಗೇ ಇಲ್ಲದಿದ್ದಲ್ಲಿ, ಊರಿನವರ ಭಯವು ಊಹ್ಯವಾದುದೇ. ಬನವಾಸಿ ನಾಡನ್ನು ಚಾಲುಕ್ಯ, ಕಳಚುರಿ, ಹೊಯ್ಸಳ, ಸೇವುಣ, ವಿಜಯನಗರ, ಕೆಳದಿಯ ಅರಸರು ಒಬ್ಬರಾದ ಮೇಲೊಬ್ಬರು ಆಳಿದರು. ಒಬ್ಬ ಅರಸನ ದಾನವನ್ನು ಅವನ ಶತ್ರುವು ಗೌರವಿಸದಿರಬಹುದು. ಎಲ್ಲ ಅರಸರಿಗೂ ಹಿರಿಯನಾದ ಪಾಂಡವವಂಶಜನ ದಾನವನ್ನು ಮುರಿಯಲು ಯಾರಿಗೆ ಧೈರ್ಯ? ಇದು ನನ್ನ ಊಹೆ. ಆದರೆ ನೆರೆಯ ತಾಳಗುಂದವು ಇದಕ್ಕೆ ಉಪಷ್ಟಂಭಕವಾಗಿದೆ. ಐದನೆಯ ಶತಮಾನದ ಕಂಬದ ಶಾಸನದಲ್ಲಿ ಕದಂಬರ ಮೂಲವು ಮನೆಯ ಬಳಿಯ ಕದಂಬವೃಕ್ಷಕ್ಕೆ ಸಂಬಂಧಪಟ್ಟುದು. ಅನೇಕ ಶತಮಾನಗಳ ಮೇಲೆ ಅದೇ ಊರಿನ ಇನ್ನೊಂದು ಶಾಸನದಲ್ಲಿ, ಮುಕ್ಕಣ್ಣ ಕದಂಬನು ದಕ್ಷಿಣದಲ್ಲಿ ಬ್ರಾಹ್ಮಣರನ್ನು ಕಾಣದೆ ಉತ್ತರದ ಅಹಿಚ್ಛತ್ರದಿಂದ ಅವರನ್ನು ಕರೆತಂದನೆಂಬ ವೃತ್ತಾಂತವಿದೆ. ಅಂಗಳದ ಮರವು ಸಾಲದಾಗಿ ಅಹಿಚ್ಛತ್ರವು ಬೇಕಾಯಿತು. ಗೌಜಕ್ಕೆ ಹಸ್ತಿನಾಪುರವು ಬೇಕಾಯಿತು. ನಮಗೆ ಕಲ್ಕತ್ತೆಯ, ಲಂಡನ್ನಿನ ಪ್ರಮಾಣಪತ್ರವು ಬೇಕಾಯಿತು. ಹತ್ತಿರದ್ದು ದೂರದವರ ಮುದ್ರೆಯಿಂದಲೇ ಮಾನ್ಯವಾಗಬೇಕೆಂಬ ಬುದ್ಧಿಯು ಪಾಶ್ಚಾತ್ಯರು ಬರುವುದಕ್ಕೆ ಬಹಳ ಮುಂಚೆಯೇ ನಮ್ಮಲ್ಲಿತ್ತು.

ಜನರಿಗೆ ತಮ್ಮ ಪಟವನ್ನೇ ಓದಲು ಬರುತ್ತಿರಲಿಲ್ಲವೆಂಬ ಮೆಕೆಂಜಿಯ ಮಾತನ್ನು ಇಲ್ಲಿ ಮತ್ತೆ ನೆನೆಯಬೇಕು. ಅದು ಕೇಳಲು ನೋವಿನ ಮಾತು. ಪಾಠಶಾಲೆಯಲ್ಲಿ ಕೂಟಶಾಸನದ ಶ್ಲೋಕವನ್ನು ಕಂಠಸ್ಥಮಾಡಿದ ನನ್ನಂಥವರು ಒಂದು ತಾಮ್ರಪಟವನ್ನಾದರೂ ಕೈಯಲ್ಲಿ ಹಿಡಿದು ನೋಡಲಿಲ್ಲ. ತಾಮ್ರಪಟವನ್ನು ಪೆಟ್ಟಿಗೆಯಲ್ಲಿ ಪೂಜಿಸಿದವರು ಆ ಶ್ಲೋಕವನ್ನು ಕೇಳಲಿಲ್ಲ. ಶಾಸ್ತ್ರಕ್ಕೂ ವಸ್ತುವಿಗೂ ನಡುವೆ ಹೀಗೆ ಬಿದ್ದ ಬಿರುಕಿನಲ್ಲಿ ಪರರು ನಿಂತು ತೀರ್ಪು ಹೇಳಿದರು. ಬಿರುಕನ್ನು ಮಾಡಿದವರು ಅವರೊಬ್ಬರೇ ಅಲ್ಲ.

೬. ನಿರ್ಣಯ

ಇದುವರೆಗಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ಜನಮೇಜಯನ ಹೆಸರಿನ ಶಾಸನಗಳು ಕೂಟವೆಂಬುದು ನಮ್ಮ ಧರ್ಮಶಾಸ್ತ್ರದ ಪ್ರಮಾಣದಿಂದಲೇ ನಿಲ್ಲುವ ನಿರ್ಣಯ. ಅದಕ್ಕಾಗಿ ಪಾಶ್ಚಾತ್ಯರಿಗೆ ಋಣಿಗಳಾಗಿ ತಲೆಬಾಗಬೇಕಾದುದೂ ಇಲ್ಲ, ಅವರನ್ನು ದ್ವೇಷಿಸಿ ಶಾಸನಗಳನ್ನು ನಿಜವೆಂದು ಎತ್ತಿಹಿಡಿಯಬೇಕಾದುದೂ ಇಲ್ಲ. ಪಾಶ್ಚಾತ್ಯರ ದೋಷವು ಅವರು ಶಂಕಿಸಿದುದರಲ್ಲಿಲ್ಲ. ಶಂಕಿಸುವ ಅಧಿಕಾರವನ್ನು ತಮ್ಮದೇ ಎಂದು ಇಟ್ಟುಕೊಂಡುದರಲ್ಲಿಯೂ, ಕೂಟವಾದುದು ಮಾತನಾಡಲಾರದೆಂದು ಬಗೆದುದರಲ್ಲಿಯೂ ಇದೆ.

ತರಗತಿಗಳಲ್ಲಿ ಇಂದು ಎರಡು ವಿಧದ ವಿದ್ಯಾರ್ಥಿಗಳು ಎದುರಾಗುವರು. ಇಂಥ ಶಾಸನಗಳು ಭಾರತಯುದ್ಧಕ್ಕೆ ಸಾಕ್ಷಿಯೆನ್ನುವವರು ಕೆಲವರು. ಶಾಸನಶಾಸ್ತ್ರವೆಲ್ಲವೂ ಪರಕೀಯರ ಕಟ್ಟುಕಥೆಯೆನ್ನುವವರು ಮತ್ತೆ ಕೆಲವರು. ಇಬ್ಬರೂ ಪಟವನ್ನು ಓದಿರುವುದಿಲ್ಲ. ಅಧ್ಯಾಪಕರು ಇಬ್ಬರ ಮುಂದೆಯೂ ರೈಸರ ಸಂಪುಟಗಳನ್ನು ತೆರೆದು, ಇಂಗ್ಲೀಷ್ ಅನುವಾದವನ್ನು ಬಿಟ್ಟು ಮೂಲಪಾಠದಿಂದಲೇ ಆರಂಭಿಸುವುದು ಒಳ್ಳೆಯದು. ಅಲ್ಲಿ ಹಸ್ತಿನಾಪುರದ ಚಕ್ರವರ್ತಿಯು ಸಿಗಲಾರನು. ಆತನ ಹೆಸರನ್ನು ಎರವಲು ತಂದು ತಮ್ಮ ಗದ್ದೆಯನ್ನು ಕಾಪಾಡಿಕೊಂಡ ಗೌಜ, ಬೇಗೂರು, ಕುಪ್ಪಗದ್ದೆಗಳ ಜನರು ಸಿಗುವರು. ಅವರು ಮಹಾಭಾರತವನ್ನು ಹೇಗೆ ಕೇಳಿದರು, ಯಾವ ಅರಸನಿಗೆ ಅಂಜಿದರು, ಸಂಸ್ಕೃತವನ್ನು ಎಷ್ಟು ಬಲ್ಲರು, ಕನ್ನಡವು ಎಲ್ಲಿ ಅವರ ಬಾಯಿಂದ ಜಾರಿ ಪಟದ ಮೇಲೆ ಬಿದ್ದಿತು ಎಂಬುದಕ್ಕೆ ಈ ಶಾಸನಗಳು ಸಾಕ್ಷಿ. ಜನಮೇಜಯನ ಕಾಲಕ್ಕೆ ಇವು ಕೂಟಸಾಕ್ಷಿ. ಇವುಗಳನ್ನು ಕೆತ್ತಿಸಿದವರ ಕಾಲಕ್ಕೆ ನಿಜಸಾಕ್ಷಿ. ಆ ಸಾಕ್ಷ್ಯವನ್ನು ಕೇಳುವ ಕೆಲಸವು ಇನ್ನೂ ಆರಂಭವಾಗಬೇಕಾಗಿದೆ; ಅದಕ್ಕೆ 'ನಿಜವೋ ಕೂಟವೋ' ಎಂಬ ಒಂದೇ ಪ್ರಶ್ನೆಯು ಸಾಲದು.